ಟೊಪ್ಪಿಯೂ ಮುಲಾಮೂ

ಕೊಡಗಿನ ಆಂಗ್ಲ ತೋಟಗಾರರ ಹಳೆಯ ಭಾವಚಿತ್ರಗಳನ್ನು ಕಂಡವರಿಗೆ ಅವರ ಬೆಂಡಿನ ಟೊಪ್ಪಿ ನೆನಪಿದ್ದೀತು. 1854ರಲ್ಲಿ ಫೌಲರ್ ಎಂಬ ಆಂಗ್ಲನು ಮಡಿಕೇರಿಯಲ್ಲಿ ಕಾಫಿ ತೋಟ ತೆರೆದನು. ಆತನ ಹಿಂದೆ ಬಂದವರ ಟೊಪ್ಪಿಯನ್ನು ನಾನು ತರಗತಿಯಲ್ಲಿ ‘ದೊರೆಗಳ ಗತ್ತು’ ಎಂದು ವಿವರಿಸಿ ಮಕ್ಕಳನ್ನು ನಗಿಸಿದ್ದುಂಟು. ಬಿಸಿಲು ತಲೆಗೇರಿದರೆ ಮಿದುಳು ಕೆಡುತ್ತದೆಂಬುದು ಅವರ ನಂಬಿಕೆ. ಕಾರಣ ತಪ್ಪಾಗಿದ್ದರೂ ಮುಖಕ್ಕೆ ನೆರಳಂತೂ ಸಿಗುತ್ತಿತ್ತು.

ಬಿಳಿಯ ಚರ್ಮದಲ್ಲಿ ಮೆಲನಿನ್ ಕಡಿಮೆ. ವರ್ಷಗಟ್ಟಲೆ ಬಿಸಿಲುಂಡ ಹಣೆ, ಕಿವಿ, ಮುಂಗೈಗಳ ಮೇಲೆ ಮರಳು ಕಾಗದದಂತೆ ಒರಟಾದ ಮಚ್ಚೆಗಳೇಳುತ್ತವೆ. ವೈದ್ಯರು ಇದನ್ನು ಆಕ್ಟಿನಿಕ್ ಕೆರಟೋಸಿಸ್ ಎನ್ನುತ್ತಾರೆ. ಹೆಚ್ಚಿನವು ಹಾಗೆಯೇ ಉಳಿಯುತ್ತವೆ, ಕೆಲವು ತಾವಾಗಿ ಮಾಯುತ್ತವೆ. ಆದರೆ ಯಾವುದು ಮುಂದೆ ಕ್ಯಾನ್ಸರ್ ಆದೀತೆಂದು ಮೊದಲೇ ಹೇಳಲಾಗದು. ನಮ್ಮಂತಹ ಕಂದುಬಣ್ಣದವರಲ್ಲಿ ಇದು ಅಪರೂಪ. ಆದ್ದರಿಂದ ಇದು ನಮ್ಮ ಊರಿನ ಮಾತಲ್ಲವೆಂದೇ ನಾನು ತಿಳಿದಿದ್ದೆ.

1989ರಲ್ಲಿ ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹುಟ್ಟಿನಿಂದಲೇ ಚರ್ಮ, ಕೂದಲು, ರೆಪ್ಪೆಗಳೆಲ್ಲ ಬಿಳಿ. ಮುಂದಿನ ಬೆಂಚಿನಲ್ಲಿ ಕುಳಿತರೂ ಕಪ್ಪುಹಲಗೆ ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಅದು ತೊನ್ನಲ್ಲ, ಆಲ್ಬಿನಿಸಂ. ಮೆಲನಿನ್ ತಯಾರಾಗದ ಆನುವಂಶಿಕ ಸ್ಥಿತಿ. ಬಿ.ಎಡ್. ಮುಗಿಸಿ ಬಂದಿದ್ದ ನನಗೆ ಅಷ್ಟೂ ತಿಳಿದಿರಲಿಲ್ಲ. ಗಣರಾಜ್ಯೋತ್ಸವದ ಕವಾಯತಿನ ಅಭ್ಯಾಸಕ್ಕೆ ಅವನು ಅಜ್ಜನ ಹಳೆಯ ಟೊಪ್ಪಿ ಹಾಕಿಕೊಂಡು ಬಂದ. ಶಿಸ್ತಿನ ಹೆಸರಿನಲ್ಲಿ ಅದನ್ನು ತೆಗೆಸಿದವನು ನಾನು. ಜನವರಿಯ ತಣ್ಣನೆಯ ಗಾಳಿಯಲ್ಲಿ ಬಿಸಿಲು ಹಿತವಾಗಿಯೇ ಇತ್ತು, ನನಗೆ. ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಏರಿದರೆ ನೇರಳಾತೀತ ಕಿರಣಗಳ ಪ್ರಖರತೆ ಶೇಕಡಾ 10ರಷ್ಟು ಹೆಚ್ಚುತ್ತದೆಂದು ಬಹಳ ತಡವಾಗಿ ಓದಿದೆ. ಮಡಿಕೇರಿ ಅದಕ್ಕಿಂತಲೂ ಎತ್ತರದಲ್ಲಿದೆ.

ಈ ಮಚ್ಚೆಗಳಿಗೆ ಹಚ್ಚುವ ಮುಲಾಮಿನ ಚರಿತ್ರೆ ಸ್ವಾರಸ್ಯಕರವಾದುದು. ಇಲಿಗಳ ಯಕೃತ್ತಿನ ಗಡ್ಡೆಗಳು ಯುರಾಸಿಲ್ ಎಂಬ ವಸ್ತುವನ್ನು ಆರೋಗ್ಯವಂತ ಅಂಗಾಂಶಕ್ಕಿಂತ ಹೆಚ್ಚಾಗಿ ಹೀರುತ್ತವೆಂದು 1954ರಲ್ಲಿ ತಿಳಿದುಬಂದಿತ್ತು. ಅಮೆರಿಕದ ವಿಸ್ಕಾನ್ಸಿನ್‌ನ ಚಾರ್ಲ್ಸ್ ಹೈಡೆಲ್ಬರ್ಗರ್, ಹಸಿದವನಿಗೆ ಕಲ್ಲುಬೆರೆತ ಅಕ್ಕಿ ಬಡಿಸಿದಂತೆ, ಆ ಯುರಾಸಿಲ್‌ನಲ್ಲಿ ಒಂದು ಹೈಡ್ರೋಜನ್ನಿನ ಜಾಗಕ್ಕೆ ಫ್ಲೋರಿನ್ ಪರಮಾಣುವನ್ನು ಕೂರಿಸುವ ಉಪಾಯ ಹೂಡಿದರು. ಹೀಗೆ 1957ರಲ್ಲಿ 5-ಫ್ಲೂರೋಯುರಾಸಿಲ್ ಪ್ರಕಟವಾಯಿತು. ಇದನ್ನು ನುಂಗಿದ ಜೀವಕೋಶ ಡಿ.ಎನ್.ಎ. ಕಟ್ಟಲಾರದೆ ಸಾಯುತ್ತದೆ.

ಮೊದಲು ಅದು ಕೇವಲ ಚುಚ್ಚುಮದ್ದು. ದೇಹದೊಳಗಿನ ಗಡ್ಡೆಗಳಿಗಾಗಿ ಅದನ್ನು ಪಡೆಯುತ್ತಿದ್ದ ಕೆಲವರ ಮುಖದಲ್ಲಿ, ಬಿಸಿಲಿಗೆ ಕೆಟ್ಟಿದ್ದ ಚುಕ್ಕೆಗಳು ಮಾತ್ರ ಕೆಂಪೇರಿ ಉರಿದು ಬಳಿಕ ಮಾಯುತ್ತಿದ್ದವು. ದಕ್ಷಿಣ ಆಫ್ರಿಕದ ಫಾಕ್ಸನ್ ಮತ್ತು ಶುಲ್ಟ್ಸ್ ಎಂಬ ವೈದ್ಯರು 1962ರಲ್ಲಿ ಇದನ್ನು ವರದಿ ಮಾಡಿದರು. ಯಾರೂ ಹುಡುಕಿ ಹೊರಟಿದ್ದ ಫಲವಲ್ಲ ಇದು! ಔಷಧವನ್ನು ಚರ್ಮಕ್ಕೇ ಹಚ್ಚುವ ಚಿಕಿತ್ಸೆಯನ್ನು ಬಫಲೋ ನಗರದ ಎಡ್ಮಂಡ್ ಕ್ಲೈನ್ ಬೆಳೆಸಿದರು. 1970ರಲ್ಲಿ ಅಮೆರಿಕದಲ್ಲಿ ಮುಲಾಮಿಗೆ ಅನುಮತಿ ದೊರೆಯಿತು. 1972ರಲ್ಲಿ ಕ್ಲೈನ್ ಅವರಿಗೆ ಲಾಸ್ಕರ್ ಪ್ರಶಸ್ತಿ ಸಂದಿತು.

ಆ ಹುಡುಗ ಈಗ ಐವತ್ತರ ಸಮೀಪದಲ್ಲಿದ್ದಾನೆ. ಕೆಲವು ವರ್ಷಗಳ ಹಿಂದೆ ಅವನನ್ನು ಕಂಡಾಗ ಹಣೆಯೂ ಕಿವಿಯೂ ಹಸಿಗಾಯದಂತಿದ್ದವು. ಸುಟ್ಟುಕೊಂಡೆಯಾ ಎಂದು ಗಾಬರಿಯಿಂದ ಕೇಳಿದೆ. “ಮುಲಾಮು ಸಾರ್, ಮೂರನೆಯ ವಾರ. ಹೀಗಾದರೇನೇ ಅದು ಕೆಲಸ ಮಾಡುತ್ತಿದೆ ಎಂದು ಡಾಕ್ಟರು ಹೇಳಿದ್ದಾರೆ” ಎಂದ. ಕಣ್ಣಿಗೆ ಕಾಣದಿದ್ದ ಮಚ್ಚೆಗಳೂ ಕೆಂಪಾಗಿ ಎದ್ದಿದ್ದವಂತೆ. ಮನೆಮಂದಿ ಹೆದರಿ ಅರ್ಧಕ್ಕೇ ಬಿಡಿಸಲು ನೋಡಿದ್ದರಂತೆ.

ಕವಾಯತಿನ ದಿನದ ಮಾತನ್ನು ನಾನಾಗಿಯೇ ಎತ್ತಿದೆ. ಒಂದು ದಿನದ ಬಿಸಿಲಿನಿಂದ ಇದೆಲ್ಲ ಆಗದೆಂದು ಅವನೇ ನನಗೆ ಸಮಾಧಾನ ಹೇಳಿದ. ಅದು ಒಂದು ದಿನವಾಗಿರಲಿಲ್ಲ, ಅಭ್ಯಾಸ ಎರಡು ವಾರ ನಡೆದಿತ್ತು. ಗಾಯ ಮಾದು ಹೊಸ ಚರ್ಮ ಬಂದಿದೆ. ವೈದ್ಯರು ಹೇಳಿದಂತೆ ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಾನೆ. ಮಳೆಗಾಲದ ಮೋಡದಲ್ಲಿಯೂ ಅಗಲ ಅಂಚಿನ ಟೊಪ್ಪಿ ಬಿಡುವುದಿಲ್ಲ.