ಬಾಣಂತನಕ್ಕೆ ಬಾಗಿಲು ಹಾಕುವ ಬೆಟ್ಟ

ನಮ್ಮ ಕಡೆಯ ಹೆಂಗಸರು ಬೆಟ್ಟ ಹತ್ತುವುದು ಹರಕೆಗಾಗಿ. ಚಾಮುಂಡಿ, ಬಿಳಿಗಿರಿರಂಗ, ತಿರುಪತಿ ಎಂದರೆ ಮನೆಯಲ್ಲಿ ಯಾರೂ ಬೇಡವೆನ್ನುವುದಿಲ್ಲ. ಕಾಡುಪ್ರಾಣಿ ನೋಡಲು ಬೆಟ್ಟಕ್ಕೆ ಹೋಗುತ್ತೇನೆಂದರೆ ಮಾತ್ರ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಪಶ್ಚಿಮಘಟ್ಟದ ಪಾಠ ಬಂದಾಗಲೆಲ್ಲ ನಾನು ಕಪ್ಪುಹಲಗೆಯ ಮೇಲೆ ‘ನೀಲಗಿರಿ ತಾರ್’ ಎಂದು ಬರೆಯುತ್ತಿದ್ದೆ. ಅದನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಮಾತ್ರ ಮಕ್ಕಳ ಓದು, ಅತ್ತೆಯವರ ಕಾಯಿಲೆ, ಮಗಳ ಮದುವೆ ಎಂದು ಇಪ್ಪತ್ತು ವರ್ಷ ಮುಂದಕ್ಕೆ ಹೋಯಿತು.

ತಮಿಳಿನಲ್ಲಿ ಇದಕ್ಕೆ ವರೈಯಾಡು ಎಂದು ಹೆಸರು. ವರೈ ಎಂದರೆ ಬೆಟ್ಟ. ಆಡು ನಮ್ಮ ಆಡೇ. ದಕ್ಷಿಣದ ಘಟ್ಟಗಳ ಎತ್ತರದ ಹುಲ್ಲುಗಾವಲು ಮತ್ತು ಕಡಿದಾದ ಬಂಡೆಗಳೇ ಇದರ ಮನೆ. ಹಿಂದೆ ಕೊಡಗಿನ ಬ್ರಹ್ಮಗಿರಿಯವರೆಗೂ ಇತ್ತೆಂದು ಹೇಳುತ್ತಾರೆ. ಈಗ ಉಳಿದಿರುವುದು ಕೇರಳ, ತಮಿಳುನಾಡುಗಳಲ್ಲಿ ಮಾತ್ರ. ಹೆಸರು ಆಡಾದರೂ ವಂಶದಲ್ಲಿ ಇದು ಕುರಿಗೆ ಹತ್ತಿರವೆಂದು 2005ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು.

ಮುನ್ನಾರಿನ ಎರವಿಕುಲಂ ಬ್ರಿಟಿಷರ ಕಾಲದಲ್ಲಿ ಚಹಾ ತೋಟದ ದೊರೆಗಳ ಬೇಟೆಯ ಜಾಗವಾಗಿತ್ತು. ವಯಸ್ಸಾದ ಗಂಡಿನ ಬೆನ್ನ ಮೇಲೆ ಜೀನು ಹಾಸಿದಂತೆ ಬೆಳ್ಳಿಬಣ್ಣದ ಮಚ್ಚೆ ಮೂಡುತ್ತದೆ. ಬಂದೂಕಿನವರ ಕಣ್ಣು ಅದರ ಮೇಲೆಯೇ. ಆದರೆ ಬೇಟೆಗೆಂದು ಕಾದಿಟ್ಟದ್ದೂ ಆ ಹುಲ್ಲುಗಾವಲು ಉಳಿಯಲು ಒಂದು ಕಾರಣವಾಯಿತು. ಕಾವಲಿಗೆ ಇದ್ದವರು ಆ ಬೆಟ್ಟದ ಮುತುವಾನ್ ಜನ. 1971ರ ಕಾಯಿದೆಯ ಮೂಲಕ ಕೇರಳ ಸರ್ಕಾರ ತೋಟದ ಕಂಪನಿಯ ಭೂಮಿಯನ್ನು ಹಿಂದಕ್ಕೆ ಪಡೆಯಿತು. 1975ರಲ್ಲಿ ಎರವಿಕುಲಂ ಅಭಯಾರಣ್ಯವಾಯಿತು, 1978ರಲ್ಲಿ ರಾಷ್ಟ್ರೀಯ ಉದ್ಯಾನ. 1975ರಲ್ಲೇ ಇ.ಆರ್.ಸಿ. ದಾವಿದಾರ್ ಅವರು ಈ ಪ್ರಾಣಿಯನ್ನು ಕುರಿತು ಮೊದಮೊದಲ ಅಧ್ಯಯನಗಳಲ್ಲೊಂದನ್ನು ನಡೆಸಿದರು. ಅವರ ನೆನಪಿಗೆಂದೇ ತಮಿಳುನಾಡು ಅಕ್ಟೋಬರ್ 7ನ್ನು ತಾರ್ ದಿನವೆಂದು ಗೊತ್ತುಮಾಡಿದೆ.

2023ರ ದಸರಾ ರಜೆಯಲ್ಲಿ ನಾವು ಮೂವರು ಶಿಕ್ಷಕಿಯರು ಅಲ್ಲಿಗೆ ಹೋದೆವು. ಅರಣ್ಯ ಇಲಾಖೆಯ ಬಸ್ಸು ಇಳಿಸಿದ ಮೇಲೆ ರಾಜಮಲೆಯ ಏರುದಾರಿ. ಎದುರಿಗೆ 2,695 ಮೀಟರಿನ ಆನಮುಡಿ ಇರಬೇಕು, ಆದರೆ ಮಂಜಿನಲ್ಲಿ ನಮ್ಮ ಕೊಡೆಯ ತುದಿಯೇ ಕಾಣದು. ಮಂಡಿನೋವಿನವಳು ನಾನು, ಎರಡು ಕಡೆ ಕುಳಿತೆ. ಇಷ್ಟು ದೂರ ಬಂದು ಮಂಜು ನೋಡಿಕೊಂಡು ಹೋಗುವುದೇನೋ ಎಂದುಕೊಳ್ಳುವಾಗ ಕಾವಲಿನ ಹಿರಿಯರೊಬ್ಬರು ಕೈ ತೋರಿಸಿ, ‘ಅದೋ, ಆಡು’ ಎಂದರು. ಆ ಒಂದು ಮಾತಿಗೆ ಭಾಷಾಂತರ ಬೇಕಾಗಲಿಲ್ಲ.

ಮಂಜು ಸರಿಯಿತು. ಬಂಡೆಯ ಅಂಚಿನಲ್ಲಿ ಬೂದುಗಂದು ಬಣ್ಣದ ಒಂದು ತಾಯಿ, ಹಿಂದಕ್ಕೆ ಬಾಗಿದ ಕೋಡು, ಪಕ್ಕದಲ್ಲಿ ಎಂಟು ತಿಂಗಳಿನದಿರಬಹುದಾದ ಮರಿ. ನಿಲ್ಲಲು ನಮ್ಮ ಅಂಗೈಯಗಲ ಜಾಗವಿದ್ದರೆ ಹೆಚ್ಚು. ತಾಯಿ ನಮ್ಮನ್ನೊಮ್ಮೆ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಮರಿ ಕೆಳಗಿನ ಬಂಡೆಗೆ ನೆಗೆದಾಗ ಹೆದರಿ ಕೂಗಿದವಳು ನಾನೇ, ತಾಯಿ ತಲೆಯೆತ್ತಲಿಲ್ಲ. ಬೆಳ್ಳಿಬೆನ್ನಿನ ಗಂಡು ಅಂದು ಕಾಣಲಿಲ್ಲ. ನನಗೆ ಕೊರತೆ ಅನಿಸಲೂ ಇಲ್ಲ.

ಆರು ತಿಂಗಳು ಹೊತ್ತು, ಸಾಮಾನ್ಯವಾಗಿ ಒಂದೇ ಮರಿ ಹಾಕುವ ಜೀವವಿದು. ಮರಿ ಹಾಕುವ ಕಾಲದಲ್ಲಿ, ಹೆಚ್ಚಾಗಿ ಫೆಬ್ರವರಿ, ಮಾರ್ಚ್‌ನಲ್ಲಿ, ಪ್ರವಾಸಿಗರಿಗೆ ರಾಜಮಲೆಯ ಬಾಗಿಲು ಮುಚ್ಚುತ್ತಾರೆ. ಟಿಕೆಟ್ಟಿನ ಆದಾಯ ಹೋದರೂ ಸರಿ, ತಾಯಂದಿರಿಗೆ ಗದ್ದಲ ಬೇಡ. ನಮ್ಮ ಮನೆಗಳಲ್ಲೂ ಬಾಣಂತಿಯ ಕೋಣೆಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಈಗ ಮಗು ಹುಟ್ಟಿದ ದಿನವೇ ನೆಂಟರು ಫೋನು ಹಿಡಿದು ಆಸ್ಪತ್ರೆಯಲ್ಲಿ ಸಾಲುಗಟ್ಟುತ್ತಾರೆ.

2025ರ ಏಪ್ರಿಲ್‌ನಲ್ಲಿ ಎರಡೂ ರಾಜ್ಯಗಳು ಒಟ್ಟಿಗೆ ಎಣಿಸಿದಾಗ ಕೇರಳದಲ್ಲಿ 1,365, ತಮಿಳುನಾಡಿನಲ್ಲಿ 1,303 ತಾರ್‌ಗಳು ಸಿಕ್ಕವು. ಕೂಡಿದರೆ ಮೂರು ಸಾವಿರವೂ ಆಗದು; ನಮ್ಮೂರಿನ ಜಾತ್ರೆಯಲ್ಲಿ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ನೀವೂ ಒಮ್ಮೆ ಹೋಗಿಬನ್ನಿ. ಕೊಡೆ, ಸ್ವೆಟರ್ ಮರೆಯಬೇಡಿ. ಬಾಗಿಲು ಹಾಕಿದ ತಿಂಗಳುಗಳಲ್ಲಿ ಮಾತ್ರ, ಆಸೆಯಿದ್ದರೂ, ಮನೆಯಲ್ಲೇ ಇರಿ.