ಓಡುವ ನಾಯಿಯ ಚಿತ್ರ

ಮದ್ರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತನು 1856ರಲ್ಲಿ ಹಂಪೆಯ ಗುಡಿಗೋಪುರಗಳ ಬಿಂಬವನ್ನು ಮೇಣದ ಕಾಗದದ ಮೇಲೆ ಹಿಡಿದನು. ಆ ಕ್ರಮದಲ್ಲಿ ಕಾಗದವು ನಿಮಿಷಗಟ್ಟಲೆ ಬೆಳಕನ್ನು ಕಾಣಬೇಕಾಗಿದ್ದಿತು. ಕಲ್ಲು ಅಷ್ಟು ಹೊತ್ತು ನಿಂತೀತು; ಓಡುವ ನಾಯಿ ನಿಂತೀತೆ? ಅದು ಮುಂದೆ ಹಾದುಹೋದರೂ ಚಿತ್ರದಲ್ಲಿ ಅದರ ಸುಳಿವೇ ಉಳಿಯಲಾರದು. ಹೀಗೆ ಛಾಯಾಚಿತ್ರವು ನಮ್ಮ ನಾಡಿನಲ್ಲಿ ಮೊದಲು ಅಚಲವಾದುದನ್ನು ಮಾತ್ರ ಕಂಡಿತೆನ್ನಬಹುದು.

ಆದರೆ ಕನ್ನಡಿಗರು ನಾಯಿಯ ವೇಗವನ್ನು ಸ್ಮರಣೆಯಲ್ಲಿಡಲು ಯಂತ್ರಕ್ಕಾಗಿ ಕಾದಿರಲಿಲ್ಲ. ಮದ್ದೂರು ಸೀಮೆಯ ಆತಕೂರಿನ ಶಿಲಾಶಾಸನವೇ ಇದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಗಂಗರ ಇಮ್ಮಡಿ ಬೂತುಗನಿಂದ ಬೇಡಿದ ಮೆಚ್ಚು ಊರಲ್ಲ, ಹೊನ್ನಲ್ಲ. ಕಾಳಿ ಎಂಬ ಬೇಟೆನಾಯಿ. ಅದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಸುಮಾರು ಕ್ರಿ. ಶ. 950ರಲ್ಲಿ ನೆಟ್ಟ ಆ ಕಲ್ಲಿನಲ್ಲಿ ನಾಯಿ ಹಂದಿಗಳ ಹೋರಾಟವನ್ನೇ ಕಡೆದಿರುವರು. ಸತ್ತು ಮಲಗಿದ ನಾಯಿಯನ್ನಲ್ಲ, ಮೇಲೆ ಬಿದ್ದು ಹೋರಾಡುವ ನಾಯಿಯನ್ನು ನೆನೆಯಬೇಕೆಂಬುದು ಆ ಯಜಮಾನನ ಇಷ್ಟವಾಗಿದ್ದಿರಬೇಕು.

ಶಿಲ್ಪಿಯ ಕಣ್ಣಿಗೂ ಮಿತಿಯುಂಟು. 1878ರಲ್ಲಿ ಅಮೆರಿಕದ ಮೈಬ್ರಿಜ್ ಎಂಬಾತನು ಸಾಲಾಗಿಟ್ಟ ಕ್ಯಾಮರಾಗಳಿಂದ ನಾಗಾಲೋಟದ ಕುದುರೆಯನ್ನು ಚಿತ್ರಿಸಿದನು. ಕುದುರೆಯ ನಾಲ್ಕು ಕಾಲುಗಳೂ ನೆಲವನ್ನು ಬಿಡುವುದು ಅವು ಹೊಟ್ಟೆಯಡಿ ಕೂಡಿದಾಗಲೇ ಹೊರತು, ಚಿತ್ರಕಾರರು ಬರೆಯುತ್ತಿದ್ದಂತೆ ಮುಂದಕ್ಕೂ ಹಿಂದಕ್ಕೂ ಚಾಚಿದಾಗಲ್ಲವೆಂದು ಅದರಿಂದ ತಿಳಿಯಿತು. ಬೇಟೆನಾಯಿಯ ಓಟವೋ ಬೇರೆ. ನಡು ಬಿಲ್ಲಿನಂತೆ ಬಾಗಿದಾಗ ಒಮ್ಮೆ, ಮೈಯೆಲ್ಲ ಚಾಚಿದಾಗ ಮತ್ತೊಮ್ಮೆ, ಹೀಗೆ ಒಂದೇ ನೆಗೆತದಲ್ಲಿ ಎರಡು ಸಲ ಅದು ಗಾಳಿಯಲ್ಲಿರುವುದು. ಕುದುರೆಯ ವಿಷಯದಲ್ಲಿ ಸುಳ್ಳಾದ ಭಂಗಿಯೇ ನಾಯಿಯ ವಿಷಯದಲ್ಲಿ ನಿಜ! ಮಹಾನವಮಿ ದಿಬ್ಬದ ಬೇಟೆಯ ಸಾಲುಗಳನ್ನೂ ಹಜಾರರಾಮನ ಗುಡಿಯ ಪ್ರಾಕಾರದ ಕುದುರೆಗಳನ್ನೂ ನೋಡುವ ವಾಚಕರು ಈ ಭೇದವನ್ನು ಮನಸ್ಸಿನಲ್ಲಿಟ್ಟು ಕಾಲುಗಳನ್ನು ಪರೀಕ್ಷಿಸಲಿ.

ಈಗ ಹೊಸಪೇಟೆ, ಕಂಪ್ಲಿ, ಸೊಂಡೂರುಗಳ ಮನೆಮನೆಯಲ್ಲಿಯೂ ಚಿತ್ರಯಂತ್ರವುಂಟು. ಆದರೂ ನಮ್ಮ ನಾಯಿಗಳು ಚಿತ್ರಗಳಲ್ಲಿ ಬಹುಮಟ್ಟಿಗೆ ಜಗಲಿಯ ಮೇಲೆ ಮಲಗಿಯೇ ಇರುವುವು. ಕಾರಣ ಕೇವಲ ಕಾಲದ ಲೆಕ್ಕ. ಗಂಟೆಗೆ 54 ಕಿಲೋಮೀಟರು ಓಡುವ ನಾಯಿ ಸೆಕೆಂಡಿನ 60ರಲ್ಲಿ ಒಂದು ಪಾಲಿನೊಳಗೆ 25 ಸೆಂಟಿಮೀಟರು, ಎಂದರೆ ಒಂದು ಗೇಣಿನಷ್ಟು ಸರಿಯುವುದು, ಚಿತ್ರ ಕಲಸಿಹೋಗುವುದು. 1000ದಲ್ಲಿ ಒಂದು ಪಾಲಾದರೆ ಬೆರಳಗಲವೂ ಸರಿಯದು. ಅದಕ್ಕೆ ಬೆಳಕು ಹೇರಳವಾಗಿರಬೇಕು. ಆದುದರಿಂದ ಬಿಸಿಲು ಏರಿದ ಬೆಳಗಿನಲ್ಲಿ, ಬಯಲಿನಲ್ಲಿ, ಸೂರ್ಯನನ್ನು ಬೆನ್ನಿಗಿಟ್ಟು, ನಾಯಿಯ ಕಣ್ಣಿನ ಮಟ್ಟಕ್ಕೆ ಕುಳಿತು, ಅದರ ಓಟದೊಡನೆಯೇ ಯಂತ್ರವನ್ನು ತಿರುಗಿಸುತ್ತ ಚಿತ್ರ ತೆಗೆಯಬೇಕು. ಹತ್ತು ಕೆಟ್ಟರೂ ಒಂದು ದಕ್ಕೀತು.

ನಾಯಿಯ ಆಯುಸ್ಸು ಹತ್ತು ಹನ್ನೆರಡು ವರ್ಷ. ಅದರ ಓಟದ ಪ್ರಾಯ ಇನ್ನೂ ಕಡಿಮೆ. ಮಣಲೇರನಿಗೆ ಕಲ್ಲೂ ಉಳಿಯೂ ಬೇಕಾದುವು. ನಮಗೆ ಬೇಕಾದುದು ಒಂದು ಬೆಳಗಿನ ತಾಳ್ಮೆ ಮಾತ್ರ.