ವರ್ಗಘನವೂ ಅರ್ಧಚ್ಛೇದವೂ: ಘಾತಾಂಕ ನಿಯಮಗಳ ಪೂರ್ವಚರಿತ್ರೆ

ಒಂದೇ ರಾಶಿಯ ಎರಡು ಘಾತಗಳನ್ನು ಪರಸ್ಪರ ಗುಣಿಸಿದಾಗ ಘಾತಾಂಕಗಳನ್ನು ಕೂಡಿಸತಕ್ಕದ್ದು; ಒಂದು ಘಾತವನ್ನು ಮತ್ತೆ ಘಾತಕ್ಕೇರಿಸಿದಾಗ ಘಾತಾಂಕಗಳನ್ನು ಗುಣಿಸತಕ್ಕದ್ದು. ಬೀಜಗಣಿತದ ಈ ಎರಡು ನಿಯಮಗಳನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡುವರು; ಮಾಡಿಯೂ ಒಂದರ ಸ್ಥಾನದಲ್ಲಿ ಮತ್ತೊಂದನ್ನು ಪ್ರಯೋಗಿಸುವರು. ಈ ಸಂಕರವು ಇಂದಿನದಲ್ಲ. ಘಾತಗಳನ್ನು ಪದಗಳಿಂದಲೇ ಹೆಸರಿಸುತ್ತಿದ್ದ ಪ್ರಾಚೀನರಿಗೂ ಇದು ಎದುರಾಗಿತ್ತು. ಅವರು ಅದನ್ನು ಪರಿಹರಿಸಿಕೊಂಡ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸಲಾಗುವುದು.

ವರ್ಗವೆಂದರೆ ಎರಡನೆಯ ಘಾತ, ಘನವೆಂದರೆ ಮೂರನೆಯದು. ಇವೆರಡನ್ನೂ ಸಮಾಸಗೊಳಿಸಿದರೆ ಯಾವ ಘಾತವಾಗಬೇಕು? ‘ವರ್ಗವರ್ಗ’ದಲ್ಲಿ ಸಂದೇಹವೇ ಹುಟ್ಟದು, ಎರಡಕ್ಕೆ ಎರಡನ್ನು ಕೂಡಿಸಿದರೂ ನಾಲ್ಕು, ಎರಡರಿಂದ ಗುಣಿಸಿದರೂ ನಾಲ್ಕು. ಆದರೆ ವರ್ಗ ಮತ್ತು ಘನಗಳ ಸಮಾಸದಲ್ಲಿ ಕೂಡಿಸಿದರೆ ಐದು, ಗುಣಿಸಿದರೆ ಆರು. ಆದುದರಿಂದ ಸಂಸ್ಕೃತ ಬೀಜಗಣಿತದಲ್ಲಿ ‘ಘನವರ್ಗ’ವೆಂದರೆ ಘನದ ವರ್ಗ, ಅಂದರೆ ಆರನೆಯ ಘಾತ, ‘ವರ್ಗಘನಘಾತ’ವೆಂದರೆ ವರ್ಗ ಘನಗಳ ಗುಣಲಬ್ಧ, ಅಂದರೆ ಐದನೆಯದು. ಕಡೆಯ ‘ಘಾತ’ ಶಬ್ದವೊಂದೇ ಎರಡು ನಿಯಮಗಳನ್ನು ಬೇರ್ಪಡಿಸುತ್ತದೆ. ಕ್ರಿ. ಶ. ೬೨೮ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತವನ್ನು ರಚಿಸಿದ ಬ್ರಹ್ಮಗುಪ್ತನು ಪಂಚಗತ, ಷಡ್ಗತ ಎಂದು ಸಂಖ್ಯೆಯಿಂದಲೇ ಹೆಸರಿಟ್ಟು ಸಂದೇಹವನ್ನು ಬುಡದಲ್ಲಿಯೇ ಕಳೆದನು.

ಪರಿಭಾಷೆಗಿಂತ ಪ್ರಕ್ರಿಯೆಯು ಹಳೆಯದು. ಆರು ಅಕ್ಷರಗಳ ಪಾದಕ್ಕೆ ಗುರುಲಘುಭೇದದಿಂದ ಎಷ್ಟು ವೃತ್ತಗಳೆಂಬುದನ್ನು ತಿಳಿಯಲು ಪಿಂಗಲನ ಛಂದಸ್ಸೂತ್ರವು ಹೇಳುವ ಉಪಾಯವು ಛಂದಸ್ಸನ್ನು ಬಲ್ಲವರಿಗೆ ಪರಿಚಿತವೇ. ಸಮಸಂಖ್ಯೆಯನ್ನು ಅರ್ಧಿಸಬೇಕು, ವಿಷಮದಲ್ಲಿ ಒಂದನ್ನು ಕಳೆಯಬೇಕು: ಆರು, ಮೂರು, ಎರಡು, ಒಂದು, ಸೊನ್ನೆ. ಬಳಿಕ ಒಂದರಿಂದ ಹಿಮ್ಮುಖವಾಗಿ ಬಂದು, ಕಳೆದೆಡೆಯಲ್ಲಿ ದ್ವಿಗುಣಿಸಿ ಅರ್ಧಿಸಿದೆಡೆಯಲ್ಲಿ ವರ್ಗಿಸಿದರೆ ಕ್ರಮವಾಗಿ ೨, ೪, ೮, ೬೪ ದೊರೆಯುವುವು. ದ್ವಿಗುಣಿಸಿದಾಗ ಘಾತಾಂಕಕ್ಕೆ ಒಂದು ಕೂಡುವುದು, ವರ್ಗಿಸಿದಾಗ ಘಾತಾಂಕವು ಇಮ್ಮಡಿಸುವುದು. ಎರಡು ನಿಯಮಗಳೂ ಇಲ್ಲಿ ಒಂದೇ ಗಣನೆಯಲ್ಲಿ ಕೆಲಸಮಾಡುತ್ತಿವೆ.

ಜೈನಾಗಮವಾದ ಅನುಯೋಗದ್ವಾರಸೂತ್ರವು ಇನ್ನೂ ಮುಂದೆ ಹೋಗುವುದು. ಅದರಲ್ಲಿ ಮನುಷ್ಯರ ಸಂಖ್ಯೆಯನ್ನು ಎರಡರ ಆರನೆಯ ವರ್ಗವನ್ನು ಐದನೆಯ ವರ್ಗದಿಂದ ಗುಣಿಸಿದ ರಾಶಿಯೆಂದೂ, ತೊಂಬತ್ತಾರು ಸಲ ಅರ್ಧಿಸಬಹುದಾದ ರಾಶಿಯೆಂದೂ, ಇಪ್ಪತ್ತೊಂಬತ್ತು ಸ್ಥಾನಗಳುಳ್ಳುದೆಂದೂ ಹೇಳಿದೆ. ಪರೀಕ್ಷಿಸಿ ನೋಡೋಣ. ಎರಡರ ಮೊದಲ ವರ್ಗ ೪, ಎರಡನೆಯದು ೧೬, ಮೂರನೆಯದು ೨೫೬, ಹೀಗೆ ಐದನೆಯದನ್ನು ೩೨ ಸಲವೂ ಆರನೆಯದನ್ನು ೬೪ ಸಲವೂ ಅರ್ಧಿಸಬಹುದು. ಎರಡರ ಮೊತ್ತ ೯೬. ಆ ರಾಶಿ ೭೯೨೨೮೧೬೨೫೧೪೨೬೪೩೩೭೫೯೩೫೪೩೯೫೦೩೩೬. ಸ್ಥಾನಗಳು ಸರಿಯಾಗಿ ೨೯. ಗುಣಿಸಿದಲ್ಲಿ ಕೂಡಿಸಬೇಕೆಂಬ ನಿಯಮವನ್ನು ತಿಳಿಯದೆ ಈ ಮಾತು ಬರುವಂತಿಲ್ಲ.

ಈ ಅರ್ಧೀಕರಣಗಳ ಎಣಿಕೆಗೆ ವೀರಸೇನಾಚಾರ್ಯನ ಧವಲಾ ಟೀಕೆಯಲ್ಲಿ ‘ಅರ್ಧಚ್ಛೇದ’ವೆಂಬ ಹೆಸರಿದೆ. ೯ನೆಯ ಶತಮಾನದ ಆದಿಯಲ್ಲಿ ಮುಗಿದುದೆಂದು ಬಹುಮಂದಿ ವಿದ್ವಾಂಸರು ಎಣಿಸುವ ಈ ಟೀಕೆಯು ಕನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಮೂಡಬಿದಿರೆಯಲ್ಲಿ ಉಳಿದು ಬಂದು, ೧೯೩೯ರಿಂದ ಮುದ್ರಣಗೊಂಡಿತು. ಗುಣಲಬ್ಧದ ಅರ್ಧಚ್ಛೇದವು ಗುಣ್ಯಗುಣಕಗಳ ಅರ್ಧಚ್ಛೇದಗಳ ಮೊತ್ತ, ಭಾಗಲಬ್ಧದ್ದು ಅವುಗಳ ಅಂತರ ಎಂಬ ನಿಯಮಗಳು ಅದರಲ್ಲಿ ಕಾಣಬರುತ್ತವೆ. ಮೂರರಿಂದ ಭಾಗಿಸುವ ಎಣಿಕೆಗೆ ತ್ರಿಕಚ್ಛೇದವೆಂದು ಹೆಸರು. ರಾಶಿಯನ್ನು ಅದೇ ರಾಶಿಯ ಘಾತಕ್ಕೇರಿಸುವ ‘ವರ್ಗಿತಸಂವರ್ಗಿತ’ವನ್ನು ಎರಡರಿಂದ ಆರಂಭಿಸಿ ಮೂರು ಸಲ ಮಾಡಿದರೆ ೪, ೨೫೬, ಆಮೇಲೆ ೨೫೬ರ ೨೫೬ನೆಯ ಘಾತ ಬರುವುದು. ೨೫೬ರ ಅರ್ಧಚ್ಛೇದ ೮. ಆದುದರಿಂದ ಈ ಮಹಾರಾಶಿಯದು ೮ನ್ನು ೨೫೬ರಿಂದ ಗುಣಿಸಿದ ೨೦೪೮.

ಇಷ್ಟರಿಂದ ಆಧುನಿಕ ಘಾತಾಂಕಗಣಿತವೆಲ್ಲವೂ ನಮ್ಮಲ್ಲಿತ್ತೆಂದು ಸಾಧಿಸುವುದು ಯುಕ್ತವಲ್ಲ. ಸೊನ್ನೆಯನ್ನೂ ಋಣಸಂಖ್ಯೆಯನ್ನೂ ಘಾತಾಂಕವಾಗಿ ಬರೆದವನು ಫ್ರಾನ್ಸಿನ ಷುಕೆ (೧೪೮೪). ಘಾತಾಂಕಕ್ಕೆ ಯೂರೋಪಿನಲ್ಲಿ ಹೆಸರಿಟ್ಟವನು ಜರ್ಮನಿಯ ಸ್ಟೀಫೆಲ್ (೧೫೪೪). ಅಕ್ಷರದ ಮೇಲೆ ಅಂಕವನ್ನಿಡುವ ಇಂದಿನ ಲೇಖನಕ್ರಮವು ಡೆಕಾರ್ಟನ ಗ್ರಂಥದಿಂದ (೧೬೩೭) ನೆಲೆಗೊಂಡಿತು. ಸಂಕೇತವು ಅವರದು. ಆದರೆ ಸಂಕೇತವಿಲ್ಲದ ಮಾತ್ರಕ್ಕೆ ತತ್ತ್ವವೂ ಇರಲಿಲ್ಲವೆನ್ನುವುದು ಅಷ್ಟೇ ಅಯುಕ್ತ. ಪದಗಳನ್ನೇ ನಂಬಿದ್ದವರು ಏನನ್ನು ಎಣಿಸುತ್ತಿದ್ದೇವೆಂಬುದನ್ನು ಮರೆಯುವಂತಿರಲಿಲ್ಲ; ಅಂಕವನ್ನು ಸುಲಭವಾಗಿ ಬರೆಯುವ ನಮಗೆ ಆ ಮರೆವು ಸುಲಭ.

ಅಧ್ಯಾಪಕರಿಗೆ ಇದರಿಂದ ಒಂದು ಪ್ರಯೋಜನವುಂಟು. ಯಾವ ರಾಶಿಯ ಸೊನ್ನೆಯ ಘಾತವೂ ಒಂದೇ ಏಕೆಂದು ವಿದ್ಯಾರ್ಥಿಯು ಕೇಳಿದರೆ ಅರ್ಧಚ್ಛೇದದಿಂದ ಉತ್ತರವನ್ನು ಆರಂಭಿಸಬಹುದು. ಎಂಟನ್ನು ಅರ್ಧಿಸುತ್ತ ಒಂದಕ್ಕೆ ಬರಲು ಮೂರು ಹೆಜ್ಜೆ, ನಾಲ್ಕರಿಂದ ಎರಡು, ಎರಡರಿಂದ ಒಂದು. ಒಂದರಿಂದ ಒಂದಕ್ಕೆ ಹೆಜ್ಜೆಯೇ ಬೇಡ. ಎರಡರ ಬದಲು ಮೂರನ್ನೋ ಐದನ್ನೋ ಹಿಡಿದರೂ ಹೀಗೆಯೇ.